ಹಳದಿಯ ಮೇಲೆ ಕೆಂಪು

ಬಸ್ಸಿನ ಕಿಟಕಿಯಲ್ಲಿ ಕೂತವನು ಊರು ನೋಡುವುದಿಲ್ಲ, ಬೋರ್ಡು ನೋಡುತ್ತಾನೆ ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ನಾನಂತೂ ಸುಮಾರು ಹದಿನಾಲ್ಕು ವರ್ಷ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಗಾಗಿ ಜಗಳ ಮಾಡಿ ಕೂತದ್ದು, ಒಬ್ಬನೇ ಒಬ್ಬನ ಬೋರ್ಡುಗಳನ್ನು ನೋಡಿ ಉರಿದುಕೊಳ್ಳುವುದಕ್ಕೆ. ಅವನು ನನ್ನ ಜೊತೆಯೇ ಕೆಲಸ ಕಲಿತವನು. ನನಗಿಂತ ಒಂದು ವರ್ಷ ಚಿಕ್ಕವನು. ಬಳ್ಳಾರಿ ದಾಟಿದ ಮೇಲೆ ಗೊಬ್ಬರದಂಗಡಿ, ಸೈಕಲ್ ಶಾಪು, ಅಕ್ಕಿ ಗಿರಣಿ ಯಾವುದೇ ಬರಲಿ, ಬಲಗಡೆ ಕೆಳಮೂಲೆಯಲ್ಲಿ ಅವನ ಗುರುತು. ಒಂದೊಂದು ಬೋರ್ಡು ಬಂದಾಗಲೂ ಮನಸ್ಸಿನಲ್ಲೇ ಒಂದೊಂದು ಕೊಂಕು ತೆಗೆಯುತ್ತಿದ್ದೆ. ಈ ಅಕ್ಷರ ಬಾಗಿದೆ, ಆ ನೆರಳು ಜಾಸ್ತಿಯಾಯಿತು. ಕೊಂಕು ಸಿಗದ ಬೋರ್ಡು ಬಂದರೆ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ಮಾಡುತ್ತಿದ್ದೆ.

ನಾನು ಬೋರ್ಡು ಬರೆಯುವವನು. ಬಳ್ಳಾರಿಯ ಕೌಲ್ ಬಜಾರಿನ ಒಂದು ಓಣಿಯಲ್ಲಿ ನನ್ನ ಅಂಗಡಿ. ಅದಕ್ಕೂ ಮೊದಲು ಅದು ಉಸ್ತಾದರ ಅಂಗಡಿ. ಅರವತ್ತರ ದಶಕ ಇನ್ನೇನು ಮುಗಿಯುವ ಹೊತ್ತಿಗೆ ನಾವಿಬ್ಬರೂ ಅಲ್ಲಿ ಕೆಲಸಕ್ಕೆ ಸೇರಿದೆವು. ಉಸ್ತಾದರಿಗೆ ಆಗಲೇ ಅರವತ್ತರ ಹತ್ತಿರ. ಬಿಳಿ ಗಡ್ಡ, ಬಿಳಿ ಪೈಜಾಮ, ಪೈಜಾಮದ ಮೇಲೆ ಮಾತ್ರ ಎಲ್ಲ ಬಣ್ಣ. ಅವರ ಕೈಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಅಕ್ಷರ ತಮ್ಮಷ್ಟಕ್ಕೆ ತಾವೇ ಬಂದು ಕೂತ ಹಾಗೆ ಕೂರುತ್ತಿದ್ದವು.

ಬೋರ್ಡು ಬರೆಯುವುದರಲ್ಲಿ ಬರೆಯುವುದು ಸುಲಭ, ಗಿರಾಕಿ ಕಷ್ಟ. ಆರಡಿ ಉದ್ದ ಮೂರಡಿ ಅಗಲದ ತಗಡಿನ ಮೇಲೆ ಅವರಿಗೆ ಅಂಗಡಿ ಹೆಸರು ಬೇಕು, ಅಪ್ಪನ ಹೆಸರು ಬೇಕು, ಮನೆದೇವರ ಚಿತ್ರ ಬೇಕು, ಸಿಗುವ ಸಾಮಾನಿನ ಪಟ್ಟಿ ಬೇಕು, ಹೊಸದಾಗಿ ಬಂದ ಮೂರಂಕಿಯ ಫೋನ್ ನಂಬರು ಎಲ್ಲಕ್ಕಿಂತ ದೊಡ್ಡದಾಗಿ ಬೇಕು. ಒಂದು ಮೂಲೆಯಲ್ಲಿ ಉಸಿರಾಡಲಿ ಎಂದು ನಾಲ್ಕು ಬೆರಳು ಜಾಗ ಬಿಟ್ಟರೆ, "ಅದ್ಯಾಕ ಖಾಲಿ ಬಿಟ್ಟಿ? ತಗಡು ನಮ್ದಲ್ಲೇನು?" ಎಂದು ಕೇಳುವವರು. ಕಾಗದದ ಮೇಲೆ ಪೆನ್ಸಿಲಿನಲ್ಲಿ ನಕ್ಷೆ ಬರೆದು ತೋರಿಸಿದರೆ ತಲೆಯಾಡಿಸುತ್ತಾರೆ. ಬೋರ್ಡು ಮುಗಿದ ಮೇಲೆ ಅವರ ಭಾವಮೈದುನ ಬಂದು ನೋಡಿ ಮೂಗು ಮುರಿಯುತ್ತಾನೆ, ಮತ್ತೆ ಮೊದಲಿನಿಂದ ಶುರು. ನಾನು ಇಂಥವರ ಮೇಲೆ ಹರಿಹಾಯುತ್ತಿದ್ದೆ. ಅವನು ಹಾಗಲ್ಲ. ಗಿರಾಕಿಯ ಅಂಗಡಿಯಲ್ಲೇ ಅರ್ಧ ದಿನ ಕೂತು, ಅವರದೇ ಚಹಾ ಕುಡಿದು, ಯಾರು ಬರುತ್ತಾರೆ, ಏನು ಕೇಳುತ್ತಾರೆ, ಯಾವ ಕಡೆಯಿಂದ ಬರುತ್ತಾರೆ ನೋಡಿಕೊಂಡು ಬರುತ್ತಿದ್ದ. ಆಮೇಲೆ ಒಂದೇ ಒಂದು ನಕ್ಷೆ. ಅದನ್ನು ಯಾರೂ ತಿದ್ದಿಸುತ್ತಿರಲಿಲ್ಲ. ಬೆಣ್ಣೆ ಹಚ್ಚುತ್ತಾನೆ ಎಂದು ಆಗ ನಾನು ಅವನನ್ನು ಹಂಗಿಸುತ್ತಿದ್ದೆ. ಈಗ ಹೇಳುತ್ತೇನೆ, ಅದು ಬೆಣ್ಣೆಯಲ್ಲ, ಬುದ್ಧಿ. ನನಗೆ ಇಲ್ಲದ್ದು.

ಆದರೆ ಅಕ್ಷರದಲ್ಲಿ ನಾನೇ ಮುಂದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಉಸ್ತಾದರ ಅಕ್ಷರದ ಪಕ್ಕ ನನ್ನ ಅಕ್ಷರ ಇಟ್ಟರೆ ಅವರಿಗೇ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ. ಒಂದನ್ನು ಬಿಟ್ಟು. ಅದು ಶ್ರೀ.

ನಮ್ಮ ಕಡೆ ಶ್ರೀ ಇಲ್ಲದೆ ಬೋರ್ಡು ಗೋಡೆ ಏರುವುದಿಲ್ಲ. ಮೇಲೆ ಎಡಮೂಲೆಯಲ್ಲಿ ಅಂಗೈಯಷ್ಟು ಒಂದು ಕೆಂಪು ಶ್ರೀ. ನಮ್ಮ ಅಂಗಡಿಯಲ್ಲಿ ಅದನ್ನು ಉಸ್ತಾದರೇ ಬರೆಯಬೇಕು, ಅದೂ ಗಿರಾಕಿಯ ಅಂಗಡಿಯ ಮುಂದೆಯೇ, ಬೆಳಗಿನ ಹೊತ್ತು. ಮಿಕ್ಕ ಅಕ್ಷರಗಳೆಲ್ಲ ಆಮೇಲೆ. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅದಕ್ಕೆಂದೇ ಇಟ್ಟ ಒಂದು ಸಣ್ಣ ಕುಂಚ ತೆಗೆದು ಮೊದಲು ಹಳದಿಯಲ್ಲಿ ಬರೆಯುವರು. ಬಿಸಿಲಿಗೆ ಅದು ಒಣಗಿದ ಮೇಲೆ ಅದರ ಮೇಲೆಯೇ ಕೆಂಪಿನಲ್ಲಿ ಇನ್ನೊಮ್ಮೆ. ಕೆಂಪಿನ ಕೆಳಗಿನ ಹಳದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ಯಾಕೆ ಈ ಎರಡೆರಡು ಕೆಲಸ ಎಂದು ಒಮ್ಮೆ ಕೇಳಿದ್ದೆ.

"ಬೇಟಾ, ನಿಮ್ಮ ಮನ್ಯಾಗ ಅರಿಶಿಣ ಮೊದಲೋ ಕುಂಕುಮ ಮೊದಲೋ?" ಅಂದರು.

"ಅರಿಶಿಣ."

"ಮತ್ತ? ನಿಮ್ಮ ದೇವ್ರ ಅಕ್ಷರ, ನನ್ನ ಕೈಯಾಗ ಕಮ್ಮಿ ಆಗಬಾರ್ದು."

ಆ ಶ್ರೀ ಬರೆಯುವ ಹಕ್ಕು ಒಂದು ದಿನ ನನ್ನ ಕೈಗೆ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಊಟ ಮಾಡುವಾಗ ತಾಟಿನ ಅಂಚಿನ ಮೇಲೆ ಬೆರಳಿನಿಂದ ಶ್ರೀ ಬರೆಯುತ್ತಿದ್ದೆ. ಅದು ಬಂದರೆ ಉಸ್ತಾದರ ಕೈ ನನಗೆ ಬಂದ ಹಾಗೆ, ಬರದಿದ್ದರೆ ನಾನು ಬರೀ ತಗಡಿಗೆ ಬಣ್ಣ ಬಳಿಯುವವನು. ಆ ವಯಸ್ಸಿನಲ್ಲಿ ನನ್ನ ಲೆಕ್ಕ ಅಷ್ಟೇ ಇತ್ತು.

ಎಪ್ಪತ್ತರ ದಶಕದ ಮೊದಲಲ್ಲಿ ಉಸ್ತಾದರ ಬಲಗೈ ಸ್ವಲ್ಪ ಅದುರತೊಡಗಿತು. ಚಹಾದ ಬಸಿ ಹಿಡಿದಾಗ ಕಪ್ಪು ಟಕಟಕ ಅನ್ನುತ್ತಿತ್ತು. ನಾವಿಬ್ಬರೂ ಕೇಳಿಸಿಕೊಂಡೆವು, ಇಬ್ಬರೂ ಆಡಲಿಲ್ಲ. ಅದೇ ದಿನಗಳಲ್ಲಿ ಕುರುಗೋಡಿನ ಒಂದು ಬಟ್ಟೆ ಅಂಗಡಿಯ ಬೋರ್ಡು ಬಂತು. ಸಾಹುಕಾರರು ಉಸ್ತಾದರ ಹಳೇ ಗಿರಾಕಿ. ಮೂವರೂ ಡಬ್ಬಿ, ಕುಂಚ, ಏಣಿ ಬಸ್ಸಿನ ಮೇಲೆ ಹಾಕಿಕೊಂಡು ಬೆಳಿಗ್ಗೆಯೇ ಹೋದೆವು. ಬಿಳಿ ಬಣ್ಣ ಬಳಿದು ಒಣಗಿಸಿದ ತಗಡನ್ನು ಅಂಗಡಿ ಕಟ್ಟೆಗೆ ಒರಗಿಸಿ ನಾನು ದಾರಕ್ಕೆ ಸೀಮೆಸುಣ್ಣ ಸವರಿ ಗೆರೆ ಹೊಡೆಯಲು ತೊಡಗಿದ್ದೆ. ಉಸ್ತಾದರು ಕರೆದರು.

"ಬೇಟಾ, ನೀಲಿ ಡಬ್ಬಿ ಮರ್ತು ಬಂದೀವಿ. ಬಳ್ಳಾರಿಗೆ ಹೋಗಿ ತಗೊಂಡು ಬಾ."

"ಅವನ್ನ ಕಳಿಸ್ರಲ್ಲ," ಅಂದೆ.

"ನೀನ ಹೋಗು. ಯಾವ ನೀಲಿ ಅಂತ ನಿನಗ ಗೊತ್ತೈತಿ."

ಹೋದೆ. ಬಸ್ಸಿಗೆ ಕಾದು, ಕೋಳೂರು ದಾಟಿ ಬಳ್ಳಾರಿಗೆ ಹೋಗಿ, ಡಬ್ಬಿ ಹಿಡಿದುಕೊಂಡು ಮತ್ತೆ ಬಸ್ಸಿಗೆ ಕಾದು ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ನೋಡುತ್ತೇನೆ, ಎಡಮೂಲೆಯಲ್ಲಿ ಶ್ರೀ ಹಸಿಹಸಿಯಾಗಿ ಹೊಳೆಯುತ್ತಿದೆ. ಅದರ ಮುಂದೆ ಅವನು ಕೂತಿದ್ದಾನೆ. ಬರಿಗಾಲು. ಕೈಯಲ್ಲಿ ಕೆಂಪು ಅದ್ದಿದ ಕುಂಚ. ಉಸ್ತಾದರು ದೂರ ಕಟ್ಟೆಯ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಗುಡ್ಡದ ಬಂಡೆ ನೋಡುತ್ತಿದ್ದಾರೆ. ನಾನು ತಂದ ಡಬ್ಬಿ ಇಡಲು ಪೆಟ್ಟಿಗೆ ತೆರೆದರೆ ತಳದಲ್ಲಿ ನೀಲಿ ಡಬ್ಬಿ ಇತ್ತು. ತುಂಬಿದ ಡಬ್ಬಿ.

ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡೆ. ನನ್ನನ್ನು ಬೇಕೆಂದೇ ದೂರ ಕಳಿಸಿ ಶ್ರೀ ಅವನಿಗೆ ಕೊಟ್ಟರು. ಎದುರಿಗೇ ಕೊಟ್ಟಿದ್ದರೆ ನಾನು ಜಗಳ ಮಾಡುತ್ತಿದ್ದೆನೆಂದು ಅವರಿಗೆ ಗೊತ್ತು. ಆ ಶ್ರೀಯನ್ನು ಹತ್ತಿರ ಹೋಗಿ ನೋಡಿದೆ. ಉಸ್ತಾದರದಕ್ಕಿಂತ ದಪ್ಪ. ಉಂಡು ಗೋಡೆಗೊರಗಿದ ಸಾಹುಕಾರನ ಹೊಟ್ಟೆಯ ಹಾಗೆ ಉಬ್ಬಿತ್ತು. ಅವನ ಕೈಯೇ ಅದು, ಅನುಮಾನವೇ ಇಲ್ಲ. ನಾನು ಅಂಗಡಿಯ ಹೆಸರು ಬರೆದು ಮುಗಿಸಿದೆ. ಅವನು ಎರಡು ಸಲ ಏನೋ ಹೇಳಲು ಬಾಯಿ ತೆರೆದ, ಎರಡು ಸಲವೂ ಉಸ್ತಾದರು ಕೆಮ್ಮಿದರು. ಅದೂ ನನ್ನ ಕಣ್ಣಿಗೆ ಬಿತ್ತು. ಹೊಟ್ಟೆಕಿಚ್ಚಿನವನ ಕಣ್ಣಿಗೆ ಬೀಳದ್ದು ಯಾವುದಿದೆ?

ಆಮೇಲೆ ಉಸ್ತಾದರು, "ಇನ್ನ ಶ್ರೀ ಅವನು ಬರೀಲಿ, ನೀನು ಅಕ್ಷರ ನೋಡ್ಕೋ," ಅಂದರು. ಎರಡು ತಿಂಗಳಿಗೆ ಕೆಲಸವನ್ನೇ ಬಿಟ್ಟರು. ಬಿಡುವ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಅಂಗಡಿಯ ಬೀಗದಕೈ ನನ್ನ ಕೈಗೆ ಇಟ್ಟರು, ಶ್ರೀ ಬರೆಯುವ ಕುಂಚ ಅವನ ಕೈಗೆ. ಅವನು ಸಿರುಗುಪ್ಪದವನು, ಅದನ್ನು ಹಿಡಿದುಕೊಂಡು ಊರಿಗೆ ಹೋಗಿ ಅಲ್ಲೇ ಅಂಗಡಿ ಹಾಕಿದ. ನಾನು ಮನೆಗೆ ಬಂದು ಊಟ ಬಿಟ್ಟು ಕೂತೆ.

"ಅಂಗಡಿ ನಿಮಗ ಕೊಟ್ಟಾರ, ಇನ್ನೇನು ಬೇಕ್ರಿ?" ಅಂದಳು ಹೆಂಡತಿ.

"ಕುಂಚ ಅವನಿಗೆ ಕೊಟ್ಟಾರ."

"ಕುಂಚ ಪ್ಯಾಟ್ಯಾಗ ಸಿಗ್ತೈತಿ. ಅಂಗಡಿ ಸಿಗ್ತೈತೇನು?"

ಅವಳಿಗೆ ತಿಳಿಯುವುದಿಲ್ಲ ಎಂದುಕೊಂಡೆ. ತಿಳಿಯದಿದ್ದವನು ನಾನು. ಮುಂದಿನ ವರ್ಷ ಉಸ್ತಾದರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವನು ನನ್ನ ಹತ್ತಿರ ಬಂದು ನಿಂತ. ನಾನು ಸರಿದು ನಿಂತೆ.

ಆಗಿನಿಂದ ನಮ್ಮಿಬ್ಬರ ನಡುವೆ ಒಂದು ಗಡಿ ಬಿತ್ತು. ಬಳ್ಳಾರಿ ನನ್ನದು, ಸಿರುಗುಪ್ಪ ಅವನದು. ಕುರುಗೋಡು ಮಾತ್ರ ಯಾರದೂ ಅಲ್ಲ. ಅಲ್ಲಿಗೆ ಯಾವ ಗಿರಾಕಿ ಯಾರನ್ನು ಕರೆದ ಎಂಬುದನ್ನು ನಾನು ಬಸ್ ಕಂಡಕ್ಟರುಗಳನ್ನು ಕೇಳಿ ತಿಳಿದುಕೊಳ್ಳುತ್ತಿದ್ದೆ. ಹೆಚ್ಚಾಗಿ ಅವನನ್ನೇ. ಸಿರುಗುಪ್ಪದ ಕಡೆ ಕಾಲುವೆ ನೀರಿಗೆ ಭತ್ತ, ಭತ್ತಕ್ಕೆ ಗಿರಣಿ, ಗಿರಣಿಗೆ ಗೋಡೆ, ಗೋಡೆಗೆ ಅವನು. ಗಿರಣಿ ಮಾಲೀಕರ ಜೊತೆ ತೆಲುಗಿನಲ್ಲಿ ಮಾತಾಡಿ ಮನೆಯವನ ಹಾಗೆ ಆಗಿಬಿಡುತ್ತಿದ್ದ. ಕರೂರಿನಲ್ಲಿ ಒಂದು ಗೊಬ್ಬರದಂಗಡಿಗೆ ಅವನು ಭತ್ತದ ತೆನೆ ಬರೆದಿದ್ದ. ಬಸ್ಸು ನಿಂತಾಗ ನೋಡಿದೆ. ತೆನೆ ಕಾಳಿನ ಭಾರಕ್ಕೆ ಬಾಗಿತ್ತು. ಆ ಊರಿನ ಕೂಲಿಯ ಹೆಂಗಸೊಬ್ಬಳು ಅದನ್ನು ನೋಡುತ್ತಾ, "ಇದು ಕೊಯ್ಯಾಕ ಇನ್ನ ನಾಕ ದಿನ ಬೇಕವ್ವ," ಎಂದು ಜೊತೆಯವಳಿಗೆ ಹೇಳಿದಳು. ನನ್ನ ಯಾವ ಬೋರ್ಡಿಗೂ ಯಾರೂ ಅಂಥ ಮಾತು ಹೇಳಿರಲಿಲ್ಲ. ಅಂದು ಬಂದ ಕೆಲಸ ಬಿಟ್ಟು ವಾಪಸ್ ಬಸ್ಸು ಹತ್ತಿದೆ, ತಲೆನೋವು ಎಂದು ಹೇಳಿ ಕಳಿಸಿದೆ.

ಎಲ್ಲಕ್ಕಿಂತ ಉರಿಯುತ್ತಿದ್ದದ್ದು ಆ ದಪ್ಪ ಶ್ರೀಗೆ. ಕುರುಗೋಡಿನ ಬಟ್ಟೆ ಅಂಗಡಿಯದು ಮೊದಲನೆಯದು, ಆಮೇಲೆ ಅವನು ಬರೆದ ಶ್ರೀಗಳೆಲ್ಲ ಅದೇ ಮೈಕಟ್ಟಿನವು. ಜನಕ್ಕೆ ಅದೇ ಹಿಡಿಸಿತು. ಬಳ್ಳಾರಿಯಲ್ಲೇ, ನನ್ನ ಅಂಗಡಿಯಲ್ಲೇ ಕೂತು ಗಿರಾಕಿಯೊಬ್ಬರು, "ಶ್ರೀ ಮಾತ್ರ ಸಿರುಗುಪ್ಪದಾಗ ಬರೀತಾರಲ್ರಿ, ಮೈತುಂಬಿಕೊಂಡು, ಹಂಗ ಬರೀರಿ," ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬಳ್ಳಾರಿಯ ಗಿರಾಕಿಗಳಿಗೆ ರುಚಿಯೇ ಇಲ್ಲ ಎಂದೆ. ಎಂದೆ, ಆಮೇಲೆ ದಪ್ಪಗೇ ಬರೆದುಕೊಟ್ಟೆ. ಬರೆದು ಬಂದ ದಿನ ಹೆಂಡತಿಯ ಮೇಲೆ ಕಾರಣವಿಲ್ಲದೆ ಕೂಗಾಡಿದೆ.

ಈ ನಡುವೆ ಬಳ್ಳಾರಿಯಲ್ಲಿ ಉಸ್ತಾದರ ಹಳೇ ಬೋರ್ಡುಗಳು ಒಂದೊಂದಾಗಿ ನನ್ನ ಕೈಗೆ ಬಂದವು. ಬಿಸಿಲಿಗೆ ಮಾಸಿದವು, ಹೆಸರು ಬದಲಾದವು. ಕಾಸ್ಟಿಕ್ ಸೋಡಾ ನೀರು ಬಳಿದು, ಬಣ್ಣ ಉಬ್ಬಿ ಮೆತ್ತಗಾದ ಮೇಲೆ ಕೆರೆದು ತೆಗೆದು, ತಗಡು ಬರಿದು ಮಾಡಿಕೊಂಡು ಹೊಸದಾಗಿ ಬರೆಯುವುದು ನಮ್ಮ ಪದ್ಧತಿ. ಅವರ ಶ್ರೀಗಳನ್ನೂ ಹಾಗೇ ಕೆರೆದೆ. ಅವರ ಕೈ ನನ್ನ ಕೈಯಲ್ಲೇ ಇದೆ, ಹಳೆಯದು ಯಾಕೆ ಎಂದುಕೊಂಡಿದ್ದೆ. ಒಂದನ್ನೂ ಉಳಿಸಲಿಲ್ಲ. ಹಳದಿ ಬಳಿಯುವುದನ್ನಂತೂ ಉಸ್ತಾದರು ಕೆಲಸ ಬಿಟ್ಟ ದಿನವೇ ಬಿಟ್ಟಿದ್ದೆ. ಕಾಣದ ಬಣ್ಣ ದಂಡ.

ಎಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ ಕುರುಗೋಡಿನ ಆ ಬಟ್ಟೆ ಸಾಹುಕಾರರೇ ನನ್ನ ಅಂಗಡಿಗೆ ಬಂದರು. ಮೇಲೊಂದು ಮಾಳಿಗೆ ಕಟ್ಟಿಸಿದ್ದರು, ರೆಡಿಮೇಡ್ ಬಟ್ಟೆಯೂ ಇಟ್ಟಿದ್ದರು. ಹೊಸ ಬೋರ್ಡು ಬೇಕು, ತಗಡು ಗಟ್ಟಿಯಾಗಿದೆ, ಅದರ ಮೇಲೆಯೇ ಬರೆಯಬೇಕು. ಶ್ರೀ ನಡುವೆ ಬರಬೇಕು, ಎರಡೂ ಕಡೆ ದೀಪದ ಕಂಬ.

"ಸಿರುಗುಪ್ಪದವರು ನಿಮಗ ಹತ್ರ ಅಲ್ರಿ?" ಅಂದೆ, ಬಿಗುವಿನಿಂದ.

"ಅವನ್ನ ಕೇಳಿದ್ನಿ. ಎಲ್ಲಾ ಬರೀತೀನಿ, ಮೂಲ್ಯಾಗಿನ ಶ್ರೀ ಮಾತ್ರ ಮುಟ್ಟಂಗಿಲ್ಲ ಅಂದ. ಅದನ್ನ ಬಿಟ್ಟು ಸುತ್ತ ಬರೀತಾನಂತ. ನನಗ ನಡುವ ಬೇಕಪ್ಪ ಅಂದ್ರ, ಹಂಗಾದ್ರ ಒಲ್ಲೆ ಅಂದ. ನೀವೂ ಮುಟ್ಟಬ್ಯಾಡ್ರಿ ಅಂತ ಕೈ ಮುಗ್ದ."

ನನಗೆ ಆದ ಸಂತೋಷ ಇಂಥದ್ದೆಂದು ಹೇಳಲಾರೆ. ಎಷ್ಟು ಕೊಬ್ಬು ನೋಡಿ ಇವನಿಗೆ! ತಾನು ಬರೆದ ಒಂದು ಶ್ರೀಗಾಗಿ ಬಂದ ಕೆಲಸ ಬಿಡುತ್ತಾನೆ. ಗಿರಾಕಿಗೇ ಕೈ ಮುಗಿಯುತ್ತಾನೆ, ನನ್ನ ಅಕ್ಷರ ಅಳಿಸಬೇಡಿ ಎಂದು. ಉಸ್ತಾದರು ಒಂದು ದಿನವೂ ಹಾಗೆ ಮಾಡಲಿಲ್ಲ. ಅವರ ಬೋರ್ಡನ್ನು ಅವರೇ ಕೆರೆದು ಹೊಸದು ಬರೆದವರು. ಇವನ ಶ್ರೀ ಕೆರೆಯುವ ಕೆಲಸ ನನ್ನ ಪಾಲಿಗೆ ಬಂದಿತಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ, "ಆ ಮನಷ್ಯಾ ಸುಮ್ಮಸುಮ್ಮನ ಕೈ ಮುಗಿಯಾಂವ ಅಲ್ಲಲ್ರಿ," ಅಂದಳು. ನಾನು ಆಗಲೇ ಚಪ್ಪಲಿ ಮೆಟ್ಟುತ್ತಿದ್ದೆ.

ಕುರುಗೋಡಿನಲ್ಲಿ ಬೋರ್ಡು ಇಳಿಸಿ, ಕಟ್ಟೆಗೆ ಒರಗಿಸಿದೆವು. ಹದಿನಾಲ್ಕು ವರ್ಷದ ಹಿಂದೆ ಒರಗಿಸಿದ ಜಾಗವೇ. ಕಾಸ್ಟಿಕ್ ನೀರನ್ನು ಸಾಮಾನ್ಯವಾಗಿ ಅಡಿಯಿಂದ ಬಳಿಯುತ್ತೇವೆ. ನಾನು ಅಂದು ಮೇಲಿನ ಎಡಮೂಲೆಯಿಂದ ಶುರು ಮಾಡಿದೆ. ಹಳೇ ಬಟ್ಟೆಯನ್ನು ಕೋಲಿಗೆ ಸುತ್ತಿ, ಮನಸಾರೆ, ಶ್ರೀಯ ಮೇಲೆ ಎರಡು ಸಲ ಬಳಿದೆ. ಬೇರೆ ಕಡೆಗೆಲ್ಲ ಒಂದು ಸಲ.

ಕೆಂಪು ಸುಕ್ಕುಗಟ್ಟಿತು. ಒದ್ದೆ ಬಟ್ಟೆಯಿಂದ ಒಂದು ಎಳೆ ಎಳೆದೆ, ಸಿಪ್ಪೆ ಬಂದ ಹಾಗೆ ಬಂತು. ಅದರ ಕೆಳಗೆ ಹಳದಿ ಕಂಡಿತು.

ಅವನು ಹಳದಿ ಹಾಕಿದ್ದನೇ ಎಂದುಕೊಂಡೆ ಮೊದಲು. ಇನ್ನೊಂದು ಎಳೆ ಎಳೆದೆ. ಆ ಹಳದಿ ದಪ್ಪ ಇರಲಿಲ್ಲ. ಸಣ್ಣ ಕುಂಚದ ತೆಳ್ಳನೆಯ ಗೆರೆ. ಶ್ರೀಯ ಮೇಲಿನ ಗುಡಿಸಿನ ಸುರುಳಿ ಎಲ್ಲಿ ತಿರುಗಬೇಕೋ ಅಲ್ಲಿಯೇ ತಿರುಗಿತ್ತು, ಒತ್ತು ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದಿತ್ತು. ಅಂಥ ತಿರುವು ಜಗತ್ತಿನಲ್ಲಿ ಒಬ್ಬರದೇ. ಆದರೆ ಗೆರೆ ಉದ್ದಕ್ಕೂ ನಡುಗಿತ್ತು. ಮುರಿದು ಮುರಿದು, ನಿಂತು ನಿಂತು, ಮತ್ತೆ ಮುಂದೆ ಹೋಗಿತ್ತು. ಒಂದು ಕಡೆ ಕುಂಚ ಜಾರಿ, ಬೆರಳಿನಿಂದ ಒರೆಸಿದ ಗುರುತೂ ಇತ್ತು.

ಉಸ್ತಾದರ ಶ್ರೀ ಅದು. ಅವರ ಕೈ ಬರೆದ ಕಡೆಯದು. ಅದರ ನಡುಕ ಕಾಣದ ಹಾಗೆ ಅವನು ಮೇಲೆ ದಪ್ಪಗೆ ಕೆಂಪು ಎಳೆದಿದ್ದ. ಅಷ್ಟು ದಪ್ಪಗೆ ಎಳೆಯದಿದ್ದರೆ ನಡುಕ ಹೊರಗೆ ಇಣುಕುತ್ತಿತ್ತು.

"ನೀರು! ನೀರು ತರ್ರಿ!" ಎಂದು ಕೂಗಿದೆ. ಸಾಹುಕಾರರು ನಾನು ಕೈ ಸುಟ್ಟುಕೊಂಡೆನೆಂದು ಹೆದರಿ ಕೊಡದೊಂದಿಗೆ ಓಡಿಬಂದರು. ಇಡೀ ಕೊಡ ಸುರಿದೆ. ಆದರೆ ಕಾಸ್ಟಿಕ್ ಎರಡು ಸಲ ಬಳಿದಿದ್ದೆನಲ್ಲ. ನೀರು ಬಿದ್ದ ಕಡೆ ಹಳದಿಯೂ ಎದ್ದು ಬಂತು, ತೊರೆಯಾಗಿ ಬಿಳಿಯ ಮೇಲೆ ಇಳಿಯಿತು. ಅಂಗೈ ಅಡ್ಡ ಹಿಡಿದೆ. ಅಂಗೈಗೆ ಅಂಟಿತು. ತಗಡಿನ ಮೇಲೆ ಏನೂ ಉಳಿಯಲಿಲ್ಲ.

ಸಾಹುಕಾರರು, "ಚಲೋ ಹೊಂಟೈತಲ್ಲ, ಇನ್ನೇನು?" ಅಂದರು. ಕೆಲಸ ಅಲ್ಲಿಗೇ ಬಿಟ್ಟು, ಕೈ ಉರಿಯುತ್ತಿದ್ದಂತೆಯೇ ಸಿರುಗುಪ್ಪದ ಬಸ್ಸು ಹತ್ತಿದೆ. ಆ ದಾರಿಯಲ್ಲಿ ಮೊದಲ ಸಲ ಕಿಟಕಿ ಬೇಡವೆಂದು ಒಳಗೆ ಕೂತೆ.

ಅವನು ಊರ ಹೊರಗೆ ಒಂದು ಗಿರಣಿಯ ಗೋಡೆ ಬರೆಯುತ್ತಿದ್ದ. ಕಟ್ಟಿಗೆಯ ಅಟ್ಟಣಿಗೆಯ ಮೇಲಿಂದ ನನ್ನನ್ನು ನೋಡಿ, ನನ್ನ ಕೈ ನೋಡಿ, ಇಳಿದು ಬಂದ. ಹದಿನಾಲ್ಕು ವರ್ಷದಲ್ಲಿ ಅವನ ತಲೆ ಅರ್ಧ ನರೆತಿತ್ತು.

"ಅಳಿಸಿದೇನು?" ಎಂದು ಕೇಳಿದ.

"ಯಾಕ ಹೇಳಲಿಲ್ಲಲೇ?" ನನ್ನ ದನಿ ಏರಿತು. ತಪ್ಪು ನನ್ನದು, ಸಿಟ್ಟು ಅವನ ಮೇಲೆ. "ಒಂದು ಮಾತು ಹೇಳಿದ್ರ ಏನಾಗ್ತಿತ್ತು ನಿನಗ?"

"ಉಸ್ತಾದ್ರು ಹೇಳಬ್ಯಾಡ ಅಂದಿದ್ರು. ಊರಿಗೆಲ್ಲ ಬ್ಯಾಡ, ನಿನಗಂತೂ ಬ್ಯಾಡೇ ಬ್ಯಾಡ ಅಂದಿದ್ರು." ಅವನು ಗೋಡೆಯ ನೆರಳಿಗೆ ಕೂತ. ನಾನೂ ಕೂತೆ. "'ಅಂವ ನನ್ನ ಕೈ ನೋಡಿ ಕಲ್ತಾನ, ಅವನ ಕಣ್ಣಾಗ ಈ ಕೈ ನಡುಗೋದು ಬ್ಯಾಡ. ಅವನ್ನ ಬಳ್ಳಾರಿಗೆ ಕಳಿಸ್ತೀನಿ' ಅಂದ್ರು. ನೀಲಿ ಡಬ್ಬಿ ತಳಕ್ಕ ಇಟ್ಟವನೂ ನಾನ."

"ನಿನ್ನ ಮುಂದ ನಡುಗಬಹುದಿತ್ತೇನು?"

"ನನ್ನ ಮುಂದ ಅವರಿಗೆ ಏನೂ ಅನಿಸ್ತಿರಲಿಲ್ಲ." ಕೈಗಂಟಿದ ಬಣ್ಣ ಒರೆಸಿಕೊಳ್ಳುತ್ತಾ ಮತ್ತೆ ಹೇಳಿದ: "'ಹೆಸರು ಓದಿ ಗಿರಾಕಿ ಬರ್ತಾನ, ಅಕ್ಷರ ದೊಡ್ಡ ಕೆಲಸ, ಅದು ಅವನ ಕೈ. ಶ್ರೀ ಸಣ್ಣದು, ನೀ ಬರಕೋ' ಅಂದ್ರು ನನಗ. ನಿನಗ ಅಂಗಡಿ ಕೊಟ್ರು. ನನಗೊಂದು ಹಳೇ ಕುಂಚ. ಇಷ್ಟ್ ವರ್ಷ ಬಳ್ಳಾರಿಗೆ ಬಂದಾಗೆಲ್ಲ ಕೌಲ್ ಬಜಾರ್ ಬಿಟ್ಟು ಸುತ್ತಿ ಹೋಗೀನಿ, ಆ ಅಂಗಡಿ ನೋಡಿದ್ರ ಹೊಟ್ಟ್ಯಾಗ ಬೆಂಕಿ ಬೀಳ್ತೈತಿ ಅಂತ."

ನಾನು ಅವನ ಬೋರ್ಡು ನೋಡಿ ಉರಿಯುತ್ತಾ ಅತ್ತ ಹೋಗುತ್ತಿದ್ದಾಗ ಅವನು ನನ್ನ ಅಂಗಡಿ ತಪ್ಪಿಸಿಕೊಂಡು ಇತ್ತ ಬರುತ್ತಿದ್ದ.

"ಹೆಂಗ ಬರೆದ್ರು ಹೇಳು," ಅಂದೆ.

"ಎಡಗೈಲೆ ಬಲಗೈ ಮಣಿಕಟ್ಟು ಗಟ್ಟಿ ಹಿಡಕೊಂಡು ಬರೆದ್ರು. ನಾ ಹಿಡೀತೀನಿ ಅಂದೆ, ಬ್ಯಾಡ ಅಂದ್ರು. ಒಂದು ಶ್ರೀಗೆ ಅರ್ಧ ತಾಸು. ಒಂದು ಸಲ ಜಾರಿತು, ಬೆರಳಿಲೆ ಒರಸಿದ್ರು. ಮುಗಿದ ಮ್ಯಾಲ, 'ಅರಿಶಿಣ ಆತು, ಕುಂಕುಮ ನೀ ಹಚ್ಚಪ್ಪ, ಯಾರಿಗೂ ಕಾಣಬಾರ್ದು' ಅಂದ್ರು. ನಾನು ದೊಡ್ಡ ಕುಂಚ ತಗೊಂಡೆ."

ಅವನು ಎದ್ದು ಹೋಗಿ ತನ್ನ ಪೆಟ್ಟಿಗೆಯಿಂದ ಒಂದು ಉದ್ದನೆಯ ತಗಡಿನ ಡಬ್ಬಿ ತಂದ. ಒಳಗೆ ಅಗಸೆ ಎಣ್ಣೆಯಲ್ಲಿ ಮಲಗಿಸಿದ ಉಸ್ತಾದರ ಕುಂಚ. ಕೂದಲು ಒಂದೂ ಸವೆದಿರಲಿಲ್ಲ.

"ಇದರಾಗ ನಾ ಒಂದು ಶ್ರೀನೂ ಬರೆದಿಲ್ಲ. ಧೈರ್ಯ ಆಗಲಿಲ್ಲ. ದೊಡ್ಡ ಕುಂಚದಾಗ ದಪ್ಪ ಬರ್ತಿತ್ತು, ಜನ ಅದನ್ನ ಚಲೋ ಅಂದ್ರು, ಹಂಗ ಹೊಂಟುಬಿಟ್ಟೆ. ನೀ ತಗೋ."

ಒಂದು ಸಲವಾದರೂ ಬೇಡ ಅನ್ನಬೇಕಿತ್ತು, ಮರ್ಯಾದೆಗೆ. ಅನ್ನಲಿಲ್ಲ. ತಕ್ಷಣ ತೆಗೆದುಕೊಂಡೆ. ಅವನು ಮತ್ತೆ ಅಟ್ಟಣಿಗೆ ಹತ್ತಿದ. ಹತ್ತಿದವನು ಗೋಡೆಯ ಕಡೆ ಮುಖ ಮಾಡಿಕೊಂಡೇ, "ಆ ಶ್ರೀ ಒಂದ್ಸಲ ನೋಡಿದ್ರ ಅವರ ಕೈ ಅಂತ ಗುರ್ತ ಹಿಡೀತಿ ಅಂದ್ಕೊಂಡಿದ್ದೆ. ನಿನ್ನ ಕಣ್ಣು ಅಂಥಾದ್ದು ಅನ್ನೋರು ಅವರು," ಅಂದ. ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಕುರುಗೋಡಿಗೆ ಹೋದೆ. ತಗಡು ಕೆರೆದು ಬಿಳಿ ಬಳಿದೆ. ಅದು ಒಣಗಲು ಒಂದು ದಿನ ಬೇಕಾಯಿತು. ಅದರಾಚೆಯ ದಿನ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಹಳದಿ ಡಬ್ಬಿ ತೆರೆದೆ. ಕಾಣದ ಬಣ್ಣ ದಂಡ ಎಂದವನು. ಎಡಗೈಯಿಂದ ಬಲಗೈ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ, ಅವನು ಹೇಳಿದ ಹಾಗೆ. ಆ ಕುಂಚದಿಂದ ಸಾಹುಕಾರರು ಕೇಳಿದ ಕಡೆಯೇ, ನಟ್ಟನಡುವೆ ಶ್ರೀ ಬರೆದೆ. ಅದು ನಡುಗಲಿ ಎಂದು ಬೇಡಿಕೊಂಡು ಬರೆದೆ. ಕೈ ಗಟ್ಟಿಯಾಗಿತ್ತು. ಸಣ್ಣಗೆ, ಸ್ವಚ್ಛವಾಗಿ, ಉಸ್ತಾದರು ಚೆನ್ನಾಗಿದ್ದ ಕಾಲದ್ದೇ ಅನ್ನುವಂಥ ಶ್ರೀ ಬಂತು.

ಸಾಹುಕಾರರು ದೂರ ನಿಂತು ನೋಡಿ, "ಉಸ್ತಾದ್ರ ಕೈನ ಬಂತು ನೋಡ್ರಿ," ಅಂದರು. ಈ ಒಂದು ಮಾತಿಗಾಗಿ ನಾನು ಅಷ್ಟು ವರ್ಷ ಕಾದಿದ್ದೆ. ಅದು ಬಂದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಹದಿನಾಲ್ಕು ವರ್ಷದ ಹಿಂದಿನ ಆ ಬೆಳಿಗ್ಗೆ ನನ್ನನ್ನು ಬಸ್ಸು ಹತ್ತಿಸಿ, ಇದೇ ಕಟ್ಟೆಯ ಮುಂದೆ ಅರ್ಧ ತಾಸು ಅವರ ಪಕ್ಕ ಕೂತು ಆ ಕೈ ನಡುಗುವುದನ್ನು ನೋಡಿದವನು ಅವನು. ನಾನು ನೋಡಿದ್ದು ಅದು ನೀರಿನಲ್ಲಿ ಇಳಿದು ಹೋಗುವುದನ್ನು. ಅವನ ಮೇಲಿನ ಮಿಕ್ಕ ಹೊಟ್ಟೆಕಿಚ್ಚೆಲ್ಲ ಆ ವಾರವೇ ಆರಿತು. ಇದೊಂದು ಇವತ್ತಿಗೂ ಆರಿಲ್ಲ.